ರೆಕಾರ್ಡ್ ಒತ್ತುವ ಮುಂಚಿನ ಮಾತು

(ಹೊಸದಾಗಿ ವಿಡಿಯೊ ಮಾಡುತ್ತಿರುವ ಹುಡುಗ-ಹುಡುಗಿಯರಿಗಾಗಿ ಬಳ್ಳಾರಿಯಲ್ಲಿ ಆಡಿದ ಮಾತುಗಳ ಬರಹ ರೂಪ.)

ನಾನು ಬೇರೆಯವರ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಅವರು ಶೂಟ್ ಮಾಡಿದ್ದು ನನ್ನ ಕಂಪ್ಯೂಟರ್‌ಗೆ ಬರುತ್ತದೆ. ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ ವಾಪಸ್ ಕಳಿಸುತ್ತೇನೆ. ಹಾಗಾಗಿ ನೀವ್ಯಾರೂ ನೋಡದ ಎರಡು ತುಂಡು ನಾನು ದಿನಾ ನೋಡುತ್ತೇನೆ. ರೆಕಾರ್ಡ್ ಒತ್ತಿದ ಮೇಲೆ ಮಾತು ಶುರುವಾಗುವ ತನಕ ಒಂದು. ಮಾತು ಮುಗಿದ ಮೇಲೆ ಫೋನ್ ಆಫ್ ಆಗುವ ತನಕ ಇನ್ನೊಂದು. ಎಷ್ಟೋ ಸಲ ಇಡೀ ವಿಡಿಯೊದಲ್ಲಿ ಅವೆರಡೇ ಚೆನ್ನಾಗಿರುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ಕೊಪ್ಪಳ ಕಡೆಯ ಒಬ್ಬ ತಾಯಿ ಜೋಳದ ರೊಟ್ಟಿ ಮಾಡುವುದನ್ನು ಮಗ ವಿಡಿಯೊ ಮಾಡಿ ಕಳಿಸಿದ್ದ. ರೆಕಾರ್ಡ್ ಶುರುವಾಗಿದ್ದು ಆಕೆಗೆ ಗೊತ್ತಿಲ್ಲ. ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರು ಸುರಿದು, ಪಕ್ಕದಲ್ಲಿ ಕೂತ ಸೊಸೆಗೆ ಹೇಳುತ್ತಿದ್ದಾಳೆ: "ಈ ಹಿಟ್ಟು ಬೀಸಿಸಿ ಎಷ್ಟು ದಿನ ಆತವ್ವ? ಜಿಗಟೇ ಇಲ್ಲ. ಹಿಂಗಾದ್ರ ಬಡಿಯೂಮುಂದ ಅಂಚು ಒಡಿತೈತಿ ನೋಡು." ಹೇಳುತ್ತಾ ಹೇಳುತ್ತಾ ಒಂದು ಚಿಟಿಕೆ ಹಿಟ್ಟು ಎತ್ತಿ ಬೆರಳಲ್ಲಿ ಒತ್ತಿ ತೋರಿಸುತ್ತಾಳೆ. ಅದು ಪುಡಿಪುಡಿಯಾಗಿ ಉದುರುತ್ತದೆ. ಆಮೇಲೆ ತಲೆ ಎತ್ತಿ "ಆನ್ ಆತೇನ?" ಅಂತ ಕೇಳುತ್ತಾಳೆ. ಮಗ "ಹ್ಞೂಂ, ಮಾತಾಡವ್ವ" ಅನ್ನುತ್ತಾನೆ.

ಅಷ್ಟೇ ನೋಡಿ. ಬೆನ್ನು ನೆಟ್ಟಗಾಯ್ತು. ಸೆರಗು ಸರಿಹೋಯ್ತು. ಅಷ್ಟು ಹೊತ್ತು ಸುಮ್ಮನಿರದ ಕೈ ನಿಂತೇ ಬಿಟ್ಟಿತು. "ಎಲ್ಲರಿಗೂ ನಮಸ್ಕಾರ ವೀಕ್ಷಕರೇ, ನಮ್ಮ ಅಡುಗೆಮನೆಗೆ ತಮಗೆಲ್ಲರಿಗೂ ಹಾರ್ದಿಕ ಸ್ವಾಗತ. ಇಂದು ನಾವು ಜೋಳದ ರೊಟ್ಟಿಯನ್ನು ತಯಾರಿಸುವ ವಿಧಾನವನ್ನು ತಿಳಿಯೋಣ."

ನೀವು ನಗುತ್ತಿದ್ದೀರಿ. ನಿಮ್ಮ ಮೊದಲ ವಿಡಿಯೊ ತೆಗೆದು ನೋಡಿ, ಇದೇ ವಾಕ್ಯ ಇರುತ್ತದೆ.

ನನಗೆ ಬೇಜಾರಾಗಿದ್ದು ಆ ಸ್ವಾಗತದ ಮಾತಿಗಲ್ಲ. ಹಳೆ ಹಿಟ್ಟಿನ ವಿಷಯ ಆಮೇಲೆ ಇಡೀ ವಿಡಿಯೊದಲ್ಲಿ ಎಲ್ಲೂ ಬರಲೇ ಇಲ್ಲ. ಗೋಧಿ ಹಿಟ್ಟಿಗೆ ತಾನಾಗಿ ಹಿಡಿದುಕೊಳ್ಳುವ ಗುಣ ಇದೆ, ಜೋಳಕ್ಕೆ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನಲ್ಲಿರುವ ಪಿಷ್ಟ ಅರೆಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಅದೇ. ಹಿಟ್ಟು ಹಳೆಯದಾದರೆ ಅದೂ ಕೈಕೊಡುತ್ತದೆ. ಬೆಂಗಳೂರಲ್ಲೋ ಪುಣೆಯಲ್ಲೋ ಪ್ಯಾಕೆಟ್ ಹಿಟ್ಟು ತಂದು, ರೊಟ್ಟಿ ಹರಿದು ಹೋಯ್ತು ಅಂತ ತಲೆ ಮೇಲೆ ಕೈ ಇಟ್ಟುಕೊಂಡು ಕೂತವರಿಗೆ ಬೇಕಾಗಿದ್ದು ಆ ಒಂದು ಮಾತು. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು. ಸೊಸೆಗೆ ಹೇಳಿದಳು. ಕ್ಯಾಮೆರಾಗೆ ಹೇಳಲಿಲ್ಲ.

ಕ್ಯಾಮೆರಾ ಮುಂದೆ ಸಹಜವಾಗಿರಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ, ಜನಕ್ಕೆ ಇಷ್ಟ ಆಗುತ್ತದೆ, ಚೆಂದ ಕಾಣುತ್ತದೆ ಅಂತಾರೆ. ನನ್ನ ಲೆಕ್ಕ ಬೇರೆ. ಇಲ್ಲದ ದನಿ ತಂದುಕೊಂಡ ಕೂಡಲೇ ನಿಮಗೆ ಗೊತ್ತಿರುವ ವಿಷಯವೂ ಓಡಿಹೋಗುತ್ತದೆ. ಕೈಗೆ, ನಾಲಿಗೆಗೆ ಗೊತ್ತಿದ್ದದ್ದು ಹೊರಗೆ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ನಾಲ್ಕು ಮಾತು ಮಾತ್ರ ಉಳಿಯುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಇದನ್ನೇ. ಉಳಿದದ್ದೆಲ್ಲ ಇದರ ಸುತ್ತಲೇ.

ಆ ಮೊದಲಿನ ತುಂಡನ್ನು ನಾನು ಏನು ಮಾಡಿದೆ ಅಂತ ಒಬ್ಬರು ಕೇಳುತ್ತಿದ್ದಾರೆ. ಮಗನಿಗೆ ಫೋನ್ ಮಾಡಿ, ಅಮ್ಮನಿಗೆ ತೋರಿಸಿ ಒಪ್ಪಿಗೆ ಕೇಳು ಅಂದೆ. ಸೊಸೆಯನ್ನೂ ಕೇಳು, ಬೈಸಿಕೊಂಡಿದ್ದು ಆಕೆ ಅಲ್ವಾ ಅಂದೆ. ಇಬ್ಬರೂ ನಕ್ಕು ಒಪ್ಪಿದರು. ವಿಡಿಯೊ ಅಲ್ಲಿಂದಲೇ ಶುರುವಾಯಿತು. ಸ್ವಾಗತ ಕತ್ತರಿಸಿ ಹಾಕಿದೆ.

ಈಗ ಯಾಕೆ ಹೀಗಾಗುತ್ತದೆ ಅಂತ ನೋಡೋಣ. ನಾಚಿಕೆ, ಭಯ ಅಂತೀವಿ. ಅದೂ ಇದೆ. ಆದರೆ ಊರಲ್ಲಿ ಹತ್ತು ಜನರ ಮುಂದೆ ಗಟ್ಟಿಯಾಗಿ ಮಾತಾಡುವವರೂ ಫೋನ್ ಮುಂದೆ ಕಲ್ಲಾಗುತ್ತಾರೆ. ಫೋನ್ ಹೂಂಗುಟ್ಟುವುದಿಲ್ಲ, ಕಾರಣ ಅದು. ಎದುರಿಗಿದ್ದವರು ತಲೆ ಆಡಿಸಿದರೆ ನಾವು ಮುಂದೆ ಹೋಗುತ್ತೇವೆ. ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಬಿಡಿಸಿ ಹೇಳುತ್ತೇವೆ. ಆಕಳಿಸಿದರೆ ಬೇಗ ಮುಗಿಸುತ್ತೇವೆ. ಇದೆಲ್ಲ ನಮಗೆ ಗೊತ್ತಿಲ್ಲದೆ ನಡೆಯುತ್ತಿರುತ್ತದೆ. ಲೆನ್ಸ್ ಮುಂದೆ ಇದ್ಯಾವುದೂ ಇಲ್ಲ. ಆಗ ಮನಸ್ಸು ತಾನೇ ಒಂದು ಕೇಳುಗರ ಗುಂಪನ್ನು ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ದೊಡ್ಡ ಸಭೆ. ಸಭೆ ಅಂದಮೇಲೆ ಭಾಷಣ ಬಂದೇ ಬರುತ್ತದೆ.

ನಮ್ಮ ಕಡೆ ಕಥೆ ಹೇಳುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬುರ್ರಕಥೆ ನೋಡಿದ್ದೀರಾ? ಇಲ್ಲೇ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, 2014ರಲ್ಲಿ ತೀರಿಕೊಂಡರು, ಓದು ಬರಹ ಇಲ್ಲದೆ ಎಷ್ಟೋ ದೊಡ್ಡ ದೊಡ್ಡ ಕಥೆಗಳನ್ನು ನೆನಪಿನಿಂದ ಹೇಳುತ್ತಿದ್ದವರು. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರರ ಅಕ್ಕಪಕ್ಕ ಜೊತೆಯವರು ನಿಂತಿರುತ್ತಾರೆ. ಅವರು ಬರೀ ವಾದ್ಯ ನುಡಿಸಲು ಬಂದವರಲ್ಲ. ಹೂಂ ಅನ್ನುತ್ತಾರೆ, ಮುಂದೇನಾಯ್ತು ಅನ್ನುತ್ತಾರೆ, ನಡುವೆ ಚೇಷ್ಟೆ ಮಾಡುತ್ತಾರೆ. ಊರೆಲ್ಲ ಎದುರಿಗೆ ಕೂತಿದ್ದಾಗಲೂ ಪಕ್ಕದಲ್ಲಿ ಹೂಂಗುಟ್ಟುವವರು ಬೇಕು ಅಂತ ಅವರು ಕಂಡುಕೊಂಡಿದ್ದರು. ಯಾರೂ ಇಲ್ಲದ ರೂಮಿನಲ್ಲಿ ಕೂತು ಒಬ್ಬರೇ ಮಾತಾಡುವ ನಮಗೆ ಬೇಡವಾ?

ಹಾಗಾಗಿ ಮೊದಲ ಕೆಲಸ: ಫೋನ್ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ. ತಂಗಿ, ಗೆಳೆಯ, ಅಕ್ಕಪಕ್ಕದ ಮನೆಯವರು ಯಾರಾದರೂ ಸರಿ. ವಿಷಯ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಒಂದೇ ಕೆಲಸ, ಅರ್ಥ ಆಗದಿದ್ದರೆ ಮುಖ ಸಿಂಡರಿಸಬೇಕು. ಅವರ ತಲೆ ಲೆನ್ಸಿಗೆ ಆದಷ್ಟು ಹತ್ತಿರ ಇರಲಿ, ಇಲ್ಲದಿದ್ದರೆ ನೀವು ಪಕ್ಕಕ್ಕೆ ನೋಡಿದ ಹಾಗೆ ಕಾಣುತ್ತದೆ. ಯಾರೂ ಸಿಗದಿದ್ದರೆ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. "ವೀಕ್ಷಕರು" ಬೇಡ. ನಿಮ್ಮ ಮಾವನ ಮಗ ಇದ್ದಾನೆ, ಸಿಂಧನೂರಿನಲ್ಲಿ ಹೊಸದಾಗಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಅವನಿಗೆ ಫೋನಿನಲ್ಲಿ ಹೇಗೆ ಹೇಳುತ್ತೀರೋ ಹಾಗೆ.

ಕಣ್ಣಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೆಲ್ಫಿ ಕ್ಯಾಮೆರಾದಲ್ಲಿ ಮಾಡುವಾಗ ಎಲ್ಲರೂ ಸ್ಕ್ರೀನಿನಲ್ಲಿ ಕಾಣುವ ತಮ್ಮ ಮುಖವನ್ನೇ ನೋಡುತ್ತಾರೆ. ಲೆನ್ಸ್ ಇರುವುದು ಮೇಲೆ, ಚಿಕ್ಕ ಕಪ್ಪು ಚುಕ್ಕೆ. ನೋಡುವವರಿಗೆ ನೀವು ಅವರ ಗದ್ದ ನೋಡಿ ಮಾತಾಡಿದಂತೆ ಅನಿಸುತ್ತದೆ. ಲೆನ್ಸಿನ ಪಕ್ಕ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ಅಲ್ಲಿಗೆ ಮಾತಾಡಿ. ಹಿಂದಿನ ಕ್ಯಾಮೆರಾದಲ್ಲಿ ಮಾಡಿದರೆ ಇನ್ನೂ ಚೆನ್ನ. ಚಿತ್ರವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ನಿಮ್ಮ ಮುಖ ನಿಮಗೆ ಕಾಣುವುದೂ ತಪ್ಪುತ್ತದೆ.

"ನನ್ನ ಮುಖ, ನನ್ನ ದನಿ ನನಗೇ ಸೇರಲ್ಲ ಸಾರ್" ಅಂತ ಹೇಳದವರು ಕಡಿಮೆ. ಅದು ನಿಮ್ಮ ದೋಷ ಅಲ್ಲ. ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಬುರುಡೆಯ ಎಲುಬಿನ ಮೂಲಕವೂ ಕೇಳುತ್ತದೆ. ಎಲುಬು ಕೆಳಗಿನ ಸ್ವರಗಳನ್ನು ಚೆನ್ನಾಗಿ ಒಯ್ಯುತ್ತದೆ. ಹಾಗಾಗಿ ನಮ್ಮ ದನಿ ನಮಗೆ ಗಡುಸಾಗಿ ಕೇಳುತ್ತದೆ. ರೆಕಾರ್ಡಿಂಗಿನಲ್ಲಿ ಆ ಭಾಗ ಇರುವುದಿಲ್ಲ, ತೆಳ್ಳಗೆ ಕೇಳುತ್ತದೆ. ಮುಖವೂ ಅಷ್ಟೇ. ಹುಟ್ಟಿದಾಗಿನಿಂದ ನೋಡಿದ್ದು ಕನ್ನಡಿಯ ಮುಖ. ವಿಡಿಯೊದಲ್ಲಿ ಎಡ ಬಲಕ್ಕೆ, ಬಲ ಎಡಕ್ಕೆ ಬಂದಾಗ ಬೈತಲೆ ಎಲ್ಲೋ ತಪ್ಪಿದ ಹಾಗೆ ಕಾಣುತ್ತದೆ. ನಿಮ್ಮ ಅಮ್ಮನಿಗೆ, ಗೆಳೆಯರಿಗೆ ಅದೇ ನಿಮ್ಮ ಮುಖ, ಅದೇ ನಿಮ್ಮ ದನಿ. ಅವರ್ಯಾರೂ ದೂರು ಕೊಟ್ಟಿಲ್ಲವಲ್ಲ. ಫೋನಿನ ಬ್ಯೂಟಿ ಫಿಲ್ಟರ್ ಮಾತ್ರ ಒಮ್ಮೆ ನೋಡಿಕೊಳ್ಳಿ. ಕೆಲವು ಫೋನ್‌ಗಳಲ್ಲಿ ಮೊದಲೇ ಆನ್ ಆಗಿರುತ್ತದೆ. ಬಳ್ಳಾರಿ ಬಿಸಿಲಲ್ಲಿ ಮೆಣಸಿನಕಾಯಿ ಹೊಲದಲ್ಲಿ ನಿಂತವನ ಮುಖ ಹಾಲಿನ ಹಾಗೆ ಬೆಳ್ಳಗಿದ್ದರೆ ಅವನು ಹೇಳುವ ಬೆಳೆಯ ಲೆಕ್ಕವನ್ನು ಯಾರು ನಂಬುತ್ತಾರೆ?

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸಹಜ ಅಂದರೆ ತಯಾರಿ ಇಲ್ಲದ್ದು ಅಂತ. ಏನೂ ಯೋಚಿಸದೆ ಕೂತು ಬಾಯಿಗೆ ಬಂದಿದ್ದು ಮಾತಾಡಿದರೆ ಅದೇ ನಿಜ ಅಂತ. ನೀವು ಬಳ್ಳಾರಿಯವರು, ನಿಮ್ಮ ಊರಿನ ರಾಘವ ಕಲಾಮಂದಿರದ ಮುಂದೆ ದಿನಾ ಓಡಾಡುತ್ತೀರಿ. ಬಳ್ಳಾರಿ ರಾಘವ, 1880ರಿಂದ 1946. ವೃತ್ತಿಯಲ್ಲಿ ವಕೀಲರು. ತೆಲುಗು, ಕನ್ನಡ, ಇಂಗ್ಲಿಷ್ ನಾಟಕಗಳಲ್ಲಿ ಪಾತ್ರ ಮಾಡಿದವರು, ಕೊನೆಯ ವರ್ಷಗಳಲ್ಲಿ ಕೆಲವು ತೆಲುಗು ಸಿನಿಮಾಗಳಲ್ಲೂ. ಪದ್ಯಗಳನ್ನು ರಾಗ ಎಳೆದು ಹಾಡಿ ಒನ್ಸ್ ಮೋರ್ ಗಿಟ್ಟಿಸುವ ಕಾಲದಲ್ಲಿ ಸಹಜ ಅಭಿನಯಕ್ಕೆ ಹೆಸರಾದವರು. ರಂಗದ ಮೇಲೆ ಸಹಜವಾಗಿ ಕಾಣುವುದು ಸುಮ್ನೆ ಬರುವ ವಿದ್ಯೆ ಅಂತ ನಾಟಕದವರು ಯಾರೂ ಹೇಳಲ್ಲ. ಪಾತ್ರ ಮೈಗಿಳಿದಿದ್ದರೆ ಮಾತ್ರ ಮೈ ಸಡಿಲವಾಗುತ್ತದೆ.

ಅದಕ್ಕೆ ತದ್ವಿರುದ್ಧವಾಗಿ ನಮ್ಮ ದೊಡ್ಡಾಟ ನೋಡಿ. ಭುಜಕೀರ್ತಿ, ಕಿರೀಟ, ಕೆನ್ನೆಗೆ ಕೆಂಪು ಬಣ್ಣ, ಹಲಗೆ ಮುರಿಯುವ ಹಾಗೆ ಕುಣಿತ, ಊರಾಚೆಗೂ ಕೇಳುವ ಅಬ್ಬರ. ಸಹಜ ಅನ್ನುವುದು ಅಲ್ಲಿ ಒಂದು ಚೂರೂ ಇಲ್ಲ. ಆದರೂ ಯಾರೂ "ಇವನು ನಾಟಕ ಆಡ್ತಾನೆ" ಅಂತ ಬೇಸರ ಮಾಡಿಕೊಳ್ಳುವುದಿಲ್ಲ. ಬೆಳಗಿನ ತನಕ ಕೂತು ನೋಡುತ್ತಾರೆ. ಯಾಕೆಂದರೆ ಅದು ವೇಷ ಅಂತ ಆಡುವವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಯಾರಿಗೂ ಮೋಸ ಇಲ್ಲ.

ಹಾಗಾಗಿ ಲೈಟ್ ಹಾಕಿದರೆ, ಒಳ್ಳೆ ಅಂಗಿ ತೊಟ್ಟರೆ, ಎರಡು ಸಲ ಟೇಕ್ ತೆಗೆದುಕೊಂಡರೆ ನೀವು ಸುಳ್ಳರಾಗುವುದಿಲ್ಲ. ವೇಷ ಹಾಕಿಕೊಂಡು, ವೇಷವೇ ಇಲ್ಲ ಅಂತ ನಂಬಿಸಲು ಹೊರಟಾಗ ಸುಳ್ಳು ಶುರು. ಈಗ ಅದೇ ಜಾಸ್ತಿ ಆಗಿದೆ. ಕಣ್ಣೀರು ಹಾಕುವ ವಿಡಿಯೊಗಳು ಬರುತ್ತವಲ್ಲ, "ಇವತ್ತು ತಡಕೊಳ್ಳೋಕೆ ಆಗ್ಲಿಲ್ಲ ಫ್ರೆಂಡ್ಸ್" ಅಂತ. ನಾನು ಎಡಿಟರ್, ನನ್ನ ಕಣ್ಣು ಮೊದಲು ಹೋಗುವುದು ಬೇರೆ ಕಡೆ. ಟ್ರೈಪಾಡ್ ಯಾರು ಇಟ್ಟರು? ಮೈಕ್ ಯಾವಾಗ ಸಿಕ್ಕಿಸಿಕೊಂಡರು? ಅಳುವ ಮುಖಕ್ಕೆ ಸರಿಯಾಗಿ ಬೆಳಕು ಬಿದ್ದಿದೆಯಲ್ಲ! ದುಃಖ ನಿಜವೇ ಇರಬಹುದು. ಆದರೆ ಇದು ನಡೆಯುತ್ತಿದ್ದಾಗ ಅಕಸ್ಮಾತ್ ಸಿಕ್ಕಿದ ದೃಶ್ಯ ಅನ್ನುವ ಸೋಗು ನಿಜ ಅಲ್ಲ. ಪ್ರಾಂಕ್ ವಿಡಿಯೊಗಳದ್ದೂ ಇದೇ ಕಥೆ. ಗೆಳೆಯನಿಗೆ ಮೊದಲೇ ಹೇಳಿಟ್ಟು ಬೆಚ್ಚಿಬೀಳಿಸುತ್ತಾರೆ. ಸ್ಕಿಟ್ ಅಂತ ಹಾಕಿ, ಜನ ನಗುತ್ತಾರೆ. ನಿಜ ಅಂತ ಯಾಕೆ ಹಾಕಬೇಕು?

ತಯಾರಿ ಮಾಡಿ ಅಂದೆ. ಎಷ್ಟು ಅನ್ನುವುದೇ ಪ್ರಶ್ನೆ. ಪದ ಪದ ಬರೆದು ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದ ಮಾತು ನನಗೆ ಆಡಿಯೊ ಗೆರೆ ನೋಡಿದರೇ ಗೊತ್ತಾಗುತ್ತದೆ. ಪ್ರತಿ ವಾಕ್ಯವೂ ಒಂದೇ ತರ ಏರಿ ಒಂದೇ ತರ ಇಳಿಯುತ್ತದೆ. ಟೆಲಿಪ್ರಾಂಪ್ಟರ್ ಆ್ಯಪ್ ಇಟ್ಟುಕೊಂಡವರ ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಅಂಗೈಯಗಲ ಚೀಟಿಯಲ್ಲಿ ಏನೇನು ಹೇಳಬೇಕು ಅಂತ ನಾಲ್ಕು ಗುರುತು ಹಾಕಿಕೊಳ್ಳಿ, ಅಂಕಿಸಂಖ್ಯೆ ಇದ್ದರೆ ಸರಿಯಾಗಿ ಬರೆದುಕೊಳ್ಳಿ. ಉಳಿದದ್ದು ಬಾಯಿಗೆ ಬಿಡಿ. ಮೊದಲ ಟೇಕ್ ಎಸೆಯಲಿಕ್ಕೆ ಅಂತಲೇ ಮಾಡಿ, ಗಂಟಲು ಬಿಡುತ್ತದೆ. ಆಮೇಲೆ ಕೈಗೆ ಏನಾದರೂ ಕೆಲಸ ಕೊಡಿ. ಜೀನ್ಸ್ ಹೊಲಿಗೆ ಬಗ್ಗೆ ಮಾತಾಡುವವರು ಪ್ಯಾಂಟಿನ ಒಳಗೆ ತಿರುಗಿಸಿ ಹೊಲಿಗೆ ಎಳೆದು ತೋರಿಸುತ್ತಾ ಮಾತಾಡಿ. ಕೈ ಆಡಿದರೆ ದನಿ ತಾನೇ ಕೆಳಗಿಳಿಯುತ್ತದೆ.

ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಿ ಮಹಾದೇವ ದೇವಾಲಯದ ಬಗ್ಗೆ ವಿಡಿಯೊ ಮಾಡಿದ ಒಬ್ಬ ಹುಡುಗನ ಫೈಲ್ ನನ್ನ ಹತ್ತಿರ ಬಂದಿತ್ತು. 1112ರಲ್ಲಿ ಕಟ್ಟಿದ್ದು, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಎಲ್ಲ ಸರಿಯಾಗಿಯೇ ಹೇಳಿದ್ದ. ಆದರೆ ಉಸಿರು ಬಿಗಿಹಿಡಿದು ಓದಿದ ಹಾಗಿತ್ತು. ಕೊನೆಗೆ, ಮುಗಿಯಿತು ಅಂತ ಫೋನ್ ಹಿಡಿದ ಗೆಳೆಯನ ಕಡೆ ಬರುತ್ತಾ, ಒಂದು ಕಂಬಕ್ಕೆ ಕೈ ಇಟ್ಟ. ಇಟ್ಟವನು ಅಲ್ಲೇ ನಿಂತ. ಅಂಗೈಯನ್ನು ಮೇಲೆ ಕೆಳಗೆ ಆಡಿಸಿದ. "ಲೇ, ಇದು ಕಲ್ಲೇನಲೇ? ಬಳೆ ಬಳೆ ಅಂಚು ನೋಡು, ಲೇತ್ ಮಷಿನ್ನಾಗ ತೆಗೆದಂಗೈತಿ." ಆ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದದ್ದು ಅಂತ ಪುಸ್ತಕಗಳಲ್ಲಿದೆ. ಅವನ ಅಂಗೈಗೆ ಅದು ತಾನೇ ಗೊತ್ತಾಗಿತ್ತು. ಗೆಳೆಯ ಇನ್ನೂ ರೆಕಾರ್ಡ್ ಆಫ್ ಮಾಡಿರಲಿಲ್ಲ, ನಮ್ಮ ಪುಣ್ಯ.

ಅವನು ಅಲ್ಲಿ ಆಡಿದ ಮಾತು ಗಮನಿಸಿದಿರಾ? ಅದಕ್ಕೆ ಮುಂಚೆ ಅವನದು ಟಿವಿ ಕನ್ನಡ. ಇದು ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಮೂರೂ ಜಿಲ್ಲೆಯವರ ದೊಡ್ಡ ತಲೆನೋವು. ನಮ್ಮ ಮಾತು ಗಾವುಟಿ, ಬೆಂಗಳೂರಿನವರು ನಗುತ್ತಾರೆ ಅನ್ನುವ ಅಳುಕು. ಮೆಣಸಿನಕಾಯಿ ಬೆಳೆಯುವ ಹುಡುಗ ಹೊಲದಲ್ಲಿ "ಎಣ್ಣಿ ಹೊಡಿಬೇಕು, ಎಲಿ ಮುದುಡ್ಯಾವ" ಅನ್ನುತ್ತಾನೆ. ಕ್ಯಾಮೆರಾ ಬಂದರೆ "ಕೀಟನಾಶಕವನ್ನು ಸಿಂಪಡಿಸುವುದು ಸೂಕ್ತ" ಅನ್ನುತ್ತಾನೆ. ಅದನ್ನು ಕೇಳುವ ರೈತನಿಗೆ ಇಲಾಖೆಯ ಕರಪತ್ರ ಓದಿದ ಹಾಗೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ಅನ್ನುವ ಪುಟ್ಟ ಹುಳ ಬಂದು ಆಂಧ್ರ, ತೆಲಂಗಾಣ, ನಮ್ಮ ಕಡೆ ಎಲ್ಲ ಮೆಣಸಿನಕಾಯಿ ಹೂವು ಉದುರಿತಲ್ಲ, ಆಗ ರೈತನಿಗೆ ಬೇಕಾಗಿದ್ದು ಕರಪತ್ರ ಅಲ್ಲ. ಪಕ್ಕದ ಹೊಲದವನು ಹೂವು ಬಿಡಿಸಿ ಅಂಗೈ ಮೇಲೆ ಕುಟ್ಟಿ, "ನೋಡ್ರಿ, ಇಲ್ಲದಾವ ಹುಳ" ಅಂತ ತೋರಿಸುವುದು ಬೇಕಿತ್ತು.

ಆದರೆ ಇದರಲ್ಲೂ ಇನ್ನೊಂದು ಗುಂಡಿ ಇದೆ. ಉತ್ತರ ಕರ್ನಾಟಕದ ಭಾಷೆ ಓಡುತ್ತದೆ ಅಂತ ಗೊತ್ತಾದ ಮೇಲೆ ಕೆಲವರು ಅದನ್ನೇ ಮೂರು ಪಟ್ಟು ಮಾಡುತ್ತಾರೆ. ಮನೆಯಲ್ಲಿ ಯಾರೂ ಆಡದ ಬೈಗುಳ, ಮಾತು ಮಾತಿಗೆ ಲೇ, ಮಗನೇ. ರಾಯಚೂರು ಪೇಟೆಯಲ್ಲಿ ಉರ್ದು, ತೆಲುಗು ಬೆರೆತ ಮಾತು ಇದೆ, ಬಳ್ಳಾರಿಯದು ಬೇರೆ, ಕೊಪ್ಪಳ ದಾಟಿ ಯಲಬುರ್ಗಾ ಕಡೆ ಹೋದರೆ ಇನ್ನೊಂದು ತರ. ಅದನ್ನೆಲ್ಲ ಕಲಸಿ ಒಂದು ಕಾಮಿಡಿ ಭಾಷೆ ಮಾಡಿಟ್ಟಿದ್ದಾರೆ. ಅದೂ ವೇಷವೇ, ಸೂಟು ಬೂಟಿನ ಬದಲು ರುಮಾಲು. ನೀವು ನಿಮ್ಮ ಕಾಲೇಜು ಮೇಷ್ಟ್ರ ಜೊತೆ ಒಂದು ತರ, ಅಜ್ಜಿ ಜೊತೆ ಒಂದು ತರ ಮಾತಾಡುತ್ತೀರಿ. ಎರಡೂ ನಿಮ್ಮದೇ. ಕೇಳುವವರು ಯಾರು ಅಂತ ನೋಡಿ ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಬೆಂಗಳೂರಿನವರಿಗೂ ತಿಳಿಯಲಿ ಅಂತ ನಡುವೆ ಒಂದು ಪದ ಬಿಡಿಸಿ ಹೇಳಿದರೆ ನಿಮ್ಮ ಮರ್ಯಾದೆ ಏನೂ ಹೋಗಲ್ಲ.

ಇಲ್ಲೊಂದು ಅಡ್ಡ ಮಾತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದಮೇಲೆ ನಮ್ಮ ಹಳ್ಳಿಗಳಲ್ಲಿ ಜೋರಾಗಿ ಹಬ್ಬಿದ್ದು ಟಿಕ್‌ಟಾಕ್. ಅದರಲ್ಲಿ ಜಾಸ್ತಿ ಜನ ಮಾಡಿದ್ದು ಸಿನಿಮಾ ಡೈಲಾಗಿಗೆ, ಹಾಡಿಗೆ ತುಟಿ ಆಡಿಸುವ ಕೆಲಸ. ಬೇರೆಯವರ ದನಿ, ನಮ್ಮ ಮುಖ. 2020ರ ಜೂನ್ 29ರಂದು ಅದು ಬಂದ್ ಆಯ್ತು. ಆಮೇಲೆ ರೀಲ್ಸ್, ಶಾರ್ಟ್ಸ್ ಬಂದವು. ಹಾಡಿಗೆ ಕುಣಿಯುವುದು ಈಗಲೂ ನಡೆದಿದೆ. ಆದರೆ ಚಾನೆಲ್ ಕಟ್ಟಬೇಕು ಅಂದವರು ಸ್ವಂತ ಬಾಯಿ ಬಿಡಲೇಬೇಕಾಯಿತು. ಮುಖ ತೋರಿಸಲು ಅಂಜದವರು ಮಾತಾಡಲು ಅಂಜುವುದು ನೋಡಿದಾಗೆಲ್ಲ ನನಗೆ ಆ ತುಟಿ ಆಡಿಸಿದ ವರ್ಷಗಳು ನೆನಪಾಗುತ್ತವೆ.

ಮುಂದೆ ಬರೋಣ. ಕ್ಯಾಮೆರಾ ಮುಂದೆ ಅತಿ ಕಷ್ಟದ ಮಾತು ಯಾವುದು? "ನನಗೆ ಗೊತ್ತಿಲ್ಲ."

2024ರ ಆಗಸ್ಟ್ 10ರ ರಾತ್ರಿ ನೆನಪಿದೆ ಅಲ್ವಾ? ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಗೆ ಕಂಪ್ಲಿ, ಗಂಗಾವತಿ, ರಾಯಚೂರಿನ ತನಕ ಹೊಳೆ ದಂಡೆಯ ಜನ ನಿದ್ದೆ ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ನೀವು ಮುನಿರಾಬಾದ್ ಕಡೆ ಫೋನ್ ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. "ಡ್ಯಾಂ ಒಡೆಯಿತಾ?" ಅಂತ ತಲೆಬರಹ ಹಾಕಿ, ಪಕ್ಕದಲ್ಲಿ ಬಾಯಿ ತೆರೆದ ನಿಮ್ಮ ಮುಖ ಅಂಟಿಸಿದರೆ ಲಕ್ಷ ಜನ ನೋಡುತ್ತಾರೆ. ಆ ಲಕ್ಷದಲ್ಲಿ ಹೊಳೆ ದಂಡೆಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಕೂತವರೂ ಇರುತ್ತಾರೆ. "ನಾನು ಇಲ್ಲಿ ನಿಂತಿದ್ದೇನೆ, ಒಂದು ಗೇಟಿನ ಜಾಗದಲ್ಲಿ ನೀರು ಜೋರಾಗಿ ನುಗ್ಗುತ್ತಿದೆ, ಉಳಿದ ಗೇಟು ಇಲ್ಲಿಂದ ಸರಿಯಾಗಿಯೇ ಕಾಣುತ್ತವೆ, ಎಷ್ಟು ಕ್ಯೂಸೆಕ್ ಅಂತ ನನಗೆ ಗೊತ್ತಿಲ್ಲ, ಅಧಿಕಾರಿಗಳು ಹೇಳಿದ ಮೇಲೆ ಹೇಳುತ್ತೇನೆ." ಇದು ಕಡಿಮೆ ಜನ ನೋಡುವ ವಿಡಿಯೊ. ಆದರೆ ಆಮೇಲಿನ ದಿನಗಳಲ್ಲಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಹಾಕುವ ಉಕ್ಕಿನ ತುಂಡುಗಳನ್ನು, ಇಳಿಸಿ ನೀರು ತಡೆಯುವ ತನಕ, ಸುಮಾರು ಒಂದು ವಾರ, ಜನ ಮತ್ತೆ ಮತ್ತೆ ಯಾರ ಹತ್ತಿರ ಬರುತ್ತಾರೆ ಹೇಳಿ. ಗೊತ್ತಿಲ್ಲ ಅಂದವನು ಗೊತ್ತು ಅಂದಾಗ ಆ ಮಾತಿಗೆ ತೂಕ ಬರುತ್ತದೆ.

ತಲೆಬರಹದಲ್ಲಿ ಅಬ್ಬರ ಇಲ್ಲದಿದ್ದರೆ ಯಾರೂ ಒತ್ತಲ್ಲ ಸಾರ್ ಅಂತ ಹಿಂದಿನಿಂದ ಒಬ್ಬರು ಹೇಳುತ್ತಿದ್ದಾರೆ. ಹೌದು, ಅದು ಸುಳ್ಳಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕು ಅಂದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವೀಕ್ಷಣೆ ಬೇಕು. ಅದನ್ನು ಮುಟ್ಟುವ ಹಟದಲ್ಲಿ ಕೈ ಜಾರುತ್ತದೆ. ಆದರೆ ಗಂಟೆ ಲೆಕ್ಕ ಇದೆಯಲ್ಲ, ಒತ್ತಿದ ಮೇಲೆ ನಿಲ್ಲಬೇಕು. ಯೂಟ್ಯೂಬ್ ಸ್ಟುಡಿಯೊ ಆ್ಯಪಿನಲ್ಲಿ ಜನ ಎಲ್ಲಿ ಬಿಟ್ಟು ಹೋದರು ಅನ್ನುವ ಗೆರೆ ಇರುತ್ತದೆ, ದಯವಿಟ್ಟು ತೆರೆದು ನೋಡಿ. ಮೊದಲ ಅರ್ಧ ನಿಮಿಷದಲ್ಲಿ ಗೆರೆ ಧೊಪ್ಪನೆ ಬಿದ್ದಿದ್ದರೆ, ಅಲ್ಲಿ ಏನಿದೆ ನೋಡಿ. ನಾನು ನೋಡಿದ ಮಟ್ಟಿಗೆ ಅಲ್ಲಿರುವುದು ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ ಬೆಲ್ ಒತ್ತಿ ಅನ್ನುವ ಬೇಡಿಕೆ, ಇಲ್ಲಾ ತಲೆಬರಹದಲ್ಲಿ ಹೇಳಿದ್ದು ವಿಡಿಯೊದಲ್ಲಿ ಇಲ್ಲ ಅನ್ನುವ ಸತ್ಯ.

ದುಡ್ಡಿನ ಮಾತು ಬಂದಿದ್ದರಿಂದ ಪ್ರಮೋಷನ್ ವಿಷಯ. ಅಂಗಡಿಯವರು ಕರೆದು ಎರಡು ಜೀನ್ಸ್ ಕೊಟ್ಟು "ಒಂದು ವಿಡಿಯೊ ಮಾಡಪ್ಪ" ಅನ್ನುತ್ತಾರೆ. ಮಾಡಿ, ತಪ್ಪಿಲ್ಲ. ಆದರೆ ಹೇಳಿ. ಇದು ಬರೀ ಮನಸ್ಸಾಕ್ಷಿಯ ಮಾತಲ್ಲ, ಕಾನೂನು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದಕ್ಕಂತಲೇ ಮಾರ್ಗಸೂಚಿ ಹೊರಡಿಸಿದೆ. ದುಡ್ಡಷ್ಟೇ ಅಲ್ಲ, ಪುಕ್ಕಟೆ ಸಾಮಾನು, ಪ್ರವಾಸ, ಉಡುಗೊರೆ ತೆಗೆದುಕೊಂಡಿದ್ದರೂ ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹೇಳಬೇಕು. ಕೆಳಗೆ ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಬಚ್ಚಿಡುವ ಹಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದ ತನಕ. ದುಡ್ಡು ಹಚ್ಚಿ ಆಡುವ ಗೇಮ್ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅದರ ಜಾಹೀರಾತು ಮಾಡಿದವರಿಗೆ ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ.

ಹೇಳುವುದು ಕಷ್ಟ ಏನಲ್ಲ. "ಈ ಪ್ಯಾಂಟು ಅಂಗಡಿಯವರು ಕೊಟ್ಟಿದ್ದು, ವಿಡಿಯೊಗೆ ದುಡ್ಡೂ ಕೊಟ್ಟಿದ್ದಾರೆ. ಹೊಲಿಗೆ ಗಟ್ಟಿ ಇದೆ, ಜಿಪ್ ಸ್ವಲ್ಪ ಬಿಗಿ." ಆ ಜಿಪ್ಪಿನ ಮಾತು ಇದೆಯಲ್ಲ, ಅದರಿಂದ ಹೊಲಿಗೆಯ ಮಾತನ್ನೂ ಜನ ನಂಬುತ್ತಾರೆ. ಅಂಗಡಿಯವರು ಮೊದಲು ಮುಖ ಊದಿಸಿಕೊಳ್ಳಬಹುದು. ಜಿಪ್ ಬಗ್ಗೆ ಹೇಳಬೇಡ ಅಂತ ಹಟ ಹಿಡಿದರೆ ದುಡ್ಡು ವಾಪಸ್ ಕೊಟ್ಟು ಬನ್ನಿ. ಹೇಳುವುದು ಸುಲಭ, ಬಾಡಿಗೆ ಕಟ್ಟುವ ತಿಂಗಳಲ್ಲಿ ಕಷ್ಟ, ಅದು ನನಗೂ ಗೊತ್ತು.

ಕೊನೆಗೆ ಒಂದು ಪ್ರಶ್ನೆ ಚೀಟಿಯಲ್ಲಿ ಬಂದಿದೆ. ಹೆಣ್ಣುಮಗಳೊಬ್ಬಳು ಬರೆದಿದ್ದಾಳೆ. "ಕಸೂತಿ ಹಾಕುವುದನ್ನು ಕಲಿಸುವ ಚಾನೆಲ್ ಮಾಡಬೇಕು ಅಂತಿದೆ. ಮನೆಯಲ್ಲಿ ಮುಖ ತೋರಿಸಬೇಡ ಅಂತಾರೆ. ಕಾಮೆಂಟ್ ನೋಡಿದರೆ ನನಗೂ ಹೆದರಿಕೆ. ಮುಖ ತೋರಿಸದಿದ್ದರೆ ಜನ ನಂಬುತ್ತಾರಾ?"

ನಂಬುತ್ತಾರೆ ಕಣಮ್ಮ. ಸಹಜವಾಗಿರಬೇಕು ಅಂದರೆ ಮನೆ, ಮುಖ, ಮಲಗುವ ಕೋಣೆ, ಮಗುವಿನ ಸ್ಕೂಲು, ಗಂಡನ ಜಗಳ ಎಲ್ಲ ತೋರಿಸಬೇಕು ಅಂತ ಯಾರು ಹೇಳಿದ್ದು? ಎಷ್ಟು ತೋರಿಸಬೇಕು ಅನ್ನುವುದು ನಿನಗೆ ಬಿಟ್ಟಿದ್ದು. ತೋರಿಸಿದಷ್ಟು ನಿಜ ಇರಬೇಕು, ಅಷ್ಟೇ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆ ಆಡಿಸುವ ಅಜ್ಜಿ. ಆ ಆಟದಲ್ಲಿ ಆಡಿಸುವವರು ಪರದೆಯ ಹಿಂದೆ ಕೂರುತ್ತಾರೆ. ಜನ ನೋಡುವುದು ಗೊಂಬೆಯ ನೆರಳು, ಕೇಳುವುದು ದನಿ. ಮುಖ ಕಾಣಲಿಲ್ಲ ಅಂತ ಯಾರೂ ಎದ್ದು ಹೋಗಲ್ಲ.

ನಿನ್ನ ಕೈ ತೋರಿಸು. ಫೋನನ್ನು ಮೇಲಿನಿಂದ ಕೆಳಮುಖವಾಗಿ ಕಟ್ಟು. ಸೂಜಿ ಹೋಗುವ ದಾರಿ ಕಾಣಬೇಕು, ಬೆರಳಿನ ನೆರಳು ಅದರ ಮೇಲೆ ಬೀಳಬಾರದು. ಬಲಗೈಯವಳಾದರೆ ಎಡಗಡೆಯ ಕಿಟಕಿಯಿಂದ ಬೆಳಕು ಬರಲಿ. ಆದರೆ ದನಿ ನಿನ್ನದೇ ಇರಲಿ. ಈಗ ಆ್ಯಪ್‌ಗಳಲ್ಲಿ ಕಂಪ್ಯೂಟರ್ ದನಿ ಸಿಗುತ್ತದೆ, ಅಂಜಿಕೆಯಿಂದ ಅದನ್ನು ಹಾಕಬೇಡ. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಾಗುವ ವಿಡಿಯೊಗಳಿಗೆ ದುಡ್ಡು ಕೊಡುವುದಿಲ್ಲ ಅಂತ ಯೂಟ್ಯೂಬ್ 2025ರ ಜುಲೈನಲ್ಲಿ ತನ್ನ ನಿಯಮವನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಅದು ಹಾಗಿರಲಿ. ದಾರ ಗಂಟಾದಾಗ ನಿನ್ನ ಬಾಯಿಂದ "ಅಯ್ಯ" ಅಂತ ಬರುತ್ತದಲ್ಲ, ಆಮೇಲೆ ಹೇಗೆ ಬಿಡಿಸುತ್ತೀ ಅಂತ ಹೇಳುತ್ತೀಯಲ್ಲ, ಕಲಿಯುವವರಿಗೆ ಬೇಕಾಗಿದ್ದು ಅದೇ ಜಾಗ. ಕಂಪ್ಯೂಟರ್ ದನಿಗೆ ದಾರ ಗಂಟಾಗುವುದಿಲ್ಲ.

ಕೆಟ್ಟ ಪದಗಳ ಕಾಮೆಂಟ್ ತಾನಾಗಿ ತಡೆಯುವ ಪಟ್ಟಿ ಸೆಟಿಂಗ್ಸ್‌ನಲ್ಲಿದೆ. ಊಟದ ಬಿಡುವಿನಲ್ಲಿ ಫೋನ್ ತಗೊಂಡು ಬಾ, ಹಾಕಿ ಕೊಡುತ್ತೇನೆ. ನಮ್ಮ ಬೈಗುಳಗಳನ್ನೂ ಅದಕ್ಕೆ ಸೇರಿಸಬೇಕು, ಅವು ಅದಕ್ಕೆ ಇನ್ನೂ ಅಷ್ಟು ಬರುವುದಿಲ್ಲ.